ಇಪ್ಪತ್ತೊಂದು ಹಾಳೆಯ ಕೇಕು

ಗ್ಲೇಬನ ಫೋನು ಬಂದಾಗ ನಾನು ರೂಫಾಳ ಅಡುಗೆಮನೆಯಲ್ಲೇ ಕೂತಿದ್ದೆ. ನಮ್ಮಿಬ್ಬರ ಬಾಗಿಲು ಎದುರುಬದುರು. ನನ್ನ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಅವಳಿಗೆ ಗಂಡ ಅಂತ ಒಬ್ಬ ಬಂದೇ ಇರಲಿಲ್ಲ. ಸಂಜೆಯಾದರೆ ಒಬ್ಬರ ಮನೆಗೆ ಇನ್ನೊಬ್ಬರು ಚಹಾಕ್ಕೆ ಹೋಗುತ್ತಿದ್ದೆವು, ಹೆಚ್ಚಾಗಿ ನಾನೇ ಹೋಗುತ್ತಿದ್ದೆ. ರೂಫಾ ಶಿಶುವಿಹಾರದಲ್ಲಿ ಅಡುಗೆಯವಳು, ಅವಳಲ್ಲಿ ತಿನ್ನುವುದಕ್ಕೆ ಏನಾದರೂ ಇರುತ್ತಿತ್ತು. ನನ್ನಲ್ಲಿ ಇದ್ದದ್ದು ಬಾಯಿ ಮಾತ್ರ.

ಫೋನು ಹಜಾರದ ಗೋಡೆಯಲ್ಲಿತ್ತು. ಅವಳು ಮಾತಾಡಿದ್ದು ನನಗೆ ಕೇಳುತ್ತಿತ್ತು.

"ಹೌದಪ್ಪ... ಹೌದು, ಸರಿಯಾಗೇ ಹೇಳ್ದೆ... ಅಯ್ಯೋ, ನನಗ್ಯಾಕೋ ಬೇಜಾರು? ನಾನೇ ಹೇಳ್ಬೇಕು ಅಂತಿದ್ದೆ."

ಬಂದು ಕೂತಾಗ ಅವಳ ಮುಖ ಅರಳಿತ್ತು. "ಈ ಸಲ ಹುಟ್ಟಿದಹಬ್ಬ ಮಾಡಲ್ವಂತೆ ಕಣೇ ನೊನ್ನಾ. ನಲವತ್ತು ನೋಡು. 'ನಲವತ್ತಕ್ಕೆ ಮಾಡಬಾರದು ಅಂತ ನೀನೇ ಹೇಳ್ತಿರ್ತೀಯಲ್ಲಕ್ಕ' ಅಂದ. ನಾನು ಹೇಳಿದ್ದೆಲ್ಲ ಗಾಳಿಗೆ ಹೋಯ್ತು ಅಂದ್ಕೊಂಡಿದ್ದೆ. ಇಲ್ಲ, ಅವನ ಕಿವಿಗೆ ಬಿದ್ದಿದೆ."

ನಮ್ಮ ಕಡೆ ಗಂಡಸಿನ ನಲವತ್ತನೇ ಹುಟ್ಟುಹಬ್ಬ ಮಾಡುವುದಿಲ್ಲ. ನಲವತ್ತನೇ ದಿನ ಅಂತ ಊಟಕ್ಕೆ ಕೂರುವುದು ಸತ್ತವರ ಹೆಸರಿನಲ್ಲಿ. ಬದುಕಿರುವವನ ನಲವತ್ತಕ್ಕೆ ಜನ ಕೂಡಿಸಿದರೆ ಸಾವಿಗೇ ಊಟಕ್ಕೆ ಹೇಳಿ ಕಳಿಸಿದ ಹಾಗೆ. ಈ ಮಾತನ್ನು ಎಲ್ಲರೂ ಅರ್ಧ ನಂಬುತ್ತಾರೆ, ರೂಫಾ ಪೂರ್ತಿ ನಂಬುತ್ತಿದ್ದಳು. ಹೊಸ್ತಿಲ ಈಚೆಯಿಂದ ಆಚೆಗೆ ಒಂದು ಉಪ್ಪಿನ ಬಟ್ಟಲು ಕೂಡ ಕೊಡುತ್ತಿರಲಿಲ್ಲ. ಮನೆಯೊಳಗೆ ಶಿಳ್ಳೆ ಹಾಕಿದವರನ್ನು ಬೈಯುತ್ತಿದ್ದಳು. ಹೊರಟವರು ಏನೋ ಮರೆತು ವಾಪಸು ಬಂದರೆ ಕನ್ನಡಿ ನೋಡಿಸಿಯೇ ಕಳಿಸುತ್ತಿದ್ದಳು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಕಪ್ಪು ಬೆಕ್ಕು ಅಡ್ಡ ಬಂದರೆ ಸುತ್ತಿ ಬಳಸಿ ಹೋಗುತ್ತೇನೆ ನಿಜ, ಆದರೆ ಅದು ಕಾಲಿಗೆ ಒಳ್ಳೆಯದು ಅಂತ.

ಗ್ಲೇಬ್ ಅವಳ ತಮ್ಮ. ತಮ್ಮ ಅನ್ನುವುದು ಹೆಸರಿಗೆ. ಅಪ್ಪ ಯುದ್ಧದಿಂದ ವಾಪಸು ಬರಲಿಲ್ಲ, ಯುದ್ಧ ಮುಗಿದ ಮಾರನೇ ಚಳಿಗಾಲ ತಾಯಿ ಜ್ವರದಲ್ಲಿ ಹೋದಳು. ಆಗ ಇವಳಿಗೆ ಹತ್ತೊಂಬತ್ತು, ಅವನಿಗೆ ಇನ್ನೂ ಎರಡು ತುಂಬಿರಲಿಲ್ಲ. ಅನಾಥಾಲಯಕ್ಕೆ ಸೇರಿಸು ಅಂತ ನೆರೆಹೊರೆಯವರು, ಅಧಿಕಾರಿಗಳು ಎಲ್ಲರೂ ಹೇಳಿದರು. ಇವಳು ಮಗುವನ್ನು ಕಂಬಳಿಯಲ್ಲಿ ಸುತ್ತಿ ಹಿಮಗಾಡಿಯ ಮೇಲೆ ಕೂರಿಸಿ ಎಳೆದುಕೊಂಡು ಕೆಲಸಕ್ಕೆ ಹೋದಳು. ಕಾಮಾ ನದಿಯ ಹಡಗಿನಲ್ಲಿ ಕೆಲಸಕ್ಕಿದ್ದ ಒಬ್ಬ ಮದುವೆಯಾಗುತ್ತೇನೆ ಅಂತ ಬಂದ, ಆದರೆ ಒಂದು ಟಿಕೆಟ್ಟಿಗೆ ಎರಡು ಸವಾರಿ ಬೇಡ ಅಂದ. ಅವನು ಹಡಗು ಹತ್ತಿದ, ಇವಳು ದಂಡೆಯಲ್ಲೇ ಉಳಿದಳು.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಊರಿಗೆಲ್ಲ ಗೊತ್ತು. ನಮ್ಮ ಹುಟ್ಟುಹಬ್ಬದ ಊಟದಲ್ಲಿ ಮೊದಲ ಲೋಟ ಎತ್ತುವುದು ಹುಟ್ಟಿದವನ ಹೆಸರಿಗೆ, ಎರಡನೆಯದು ಹೆತ್ತವರ ಹೆಸರಿಗೆ. ಗ್ಲೇಬನ ಮನೆಯಲ್ಲಿ ಆ ಎರಡನೇ ಲೋಟ ರೂಫಾಳದ್ದು. ಊಟಕ್ಕೆ ಕೂತವರೆಲ್ಲ ಲೋಟ ಹಿಡಿದು ಅವಳ ಕಡೆ ತಿರುಗುತ್ತಿದ್ದರು. ಗ್ಲೇಬ್ ಎದ್ದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಇವಳೇ ಶುರು ಮಾಡುತ್ತಿದ್ದಳು: ಹಿಮಗಾಡಿ, ಕಂಬಳಿ, ಹಡಗಿನವನು, ಗೋಡೆಗೆ ಕಾಗದ ಅಂಟಿಸಲು ಕಾಯಿಸಿದ ಮೈದಾ ಗೋಂದನ್ನು ಹಸಿದ ಮಗು ಡಬ್ಬಿಗೆ ಬಾಯಿ ಹಾಕಿ ನೆಕ್ಕಿದ್ದು, ತುಟಿ ಅಂಟಿಕೊಂಡು ಅಳಲಿಕ್ಕೂ ಆಗದೆ ನಿಂತದ್ದು. ಹೇಳುತ್ತ ಹೇಳುತ್ತ ಅವಳೇ ಅಳುತ್ತಿದ್ದಳು. ಗ್ಲೇಬ್ ಲೋಟ ಹಿಡಿದುಕೊಂಡು ನಿಂತೇ ಇರುತ್ತಿದ್ದ.

ಮನೆಗೆ ಬಂದ ಮೇಲೆ ಪ್ರತಿ ವರ್ಷವೂ ನನಗೆ ಒಂದೇ ಮಾತು. "ಒಂದು ಸಲನಾದ್ರೂ ಅವನ ಬಾಯಿಂದ ಬರಲಿಲ್ಲ ಕಣೇ. 'ಅಕ್ಕ, ನೀನಿಲ್ದಿದ್ರೆ ನಾನಿರ್ತಿರಲಿಲ್ಲ' ಅಂತ ಅಂದುಬಿಟ್ರೆ ಸಾಕಿತ್ತು. ನಾಲ್ಕು ಮಾತು."

"ನೀನು ಬಾಯಿ ಮುಚ್ಚಿದ್ರೆ ತಾನೇ ಅವನು ಬಾಯಿ ತೆಗೆಯೋದು," ಅಂತ ನಾನು ಒಂದು ಸಲ ಅಂದಿದ್ದೆ. ವಾರವಿಡೀ ನನಗೆ ಚಹಾ ಸಿಗಲಿಲ್ಲ. ಆಮೇಲೆ ನಾನೂ ಆ ಮಾತು ಎತ್ತಲಿಲ್ಲ.

ಈಗ ಹಬ್ಬ ಇಲ್ಲ ಅಂದಾಗ ಅವಳ ತಲೆಯಲ್ಲಿ ಬೇರೆಯೇ ಲೆಕ್ಕ ಓಡಿತು. "ನೋಡು, ಜನ ಇರಲ್ಲ, ಗದ್ದಲ ಇರಲ್ಲ. ನಾನು, ಅವನು, ಅವನ ಹೆಂಡ್ತಿ. ಸುಮ್ನೆ ಚಹಾ. ಅವನಿಗೆ ಜನರ ಮುಂದೆ ಸಂಕೋಚ. ನಾವೇ ನಾವಿದ್ರೆ ಹೇಳ್ತಾನೆ. ನಾನೊಂದು ನೆಪೋಲಿಯನ್ ಕೇಕು ಮಾಡ್ಕೊಂಡು ಹೋಗ್ತೀನಿ."

"ಹಬ್ಬ ಮಾಡಬಾರದು ಅಂದೋಳು ನೀನೇ, ಕೇಕು ಹೊರೋಳೂ ನೀನೇ."

"ಚಹಾಕ್ಕೆ ಕೇಕು ತಿಂದ್ರೆ ಅದು ಹಬ್ಬ ಹೇಗಾಗುತ್ತೆ? ದಿನಕ್ಕೆ ಮುಂಚೆ ಹೋದ್ರೆ ಕೇಡು. ಆ ದಿನ ಹೋದ್ರೆ ಹಬ್ಬ. ಮಾರನೇ ದಿನ ಹೋಗ್ತೀನಿ, ಭಾನುವಾರ. ಶುಭಾಶಯ ಅಂತ ಬಾಯಲ್ಲಿ ಒಂದು ಮಾತೂ ಆಡಲ್ಲ."

"ನಲವತ್ತು ಹಾಳೆ ಹಾಕು ಹಾಗಾದ್ರೆ."

"ಬಾಯಿ ತೊಳ್ಕೊ ಹೋಗು," ಅಂದಳು. ಆಮೇಲೆ ಯೋಚಿಸಿ ಹೇಳಿದಳು: "ಇಪ್ಪತ್ತೊಂದು ಹಾಕ್ತೀನಿ. ಸಮಸಂಖ್ಯೆ ಬೇಡ, ಅದು ಹೆಣದ ಮೇಲಿಡೋ ಹೂವಿನ ಲೆಕ್ಕ."

ನೆಪೋಲಿಯನ್ ಅಂದರೆ ತೆಳ್ಳಗೆ ಬೇಯಿಸಿದ ಹಾಳೆಗಳ ನಡುವೆ ಕ್ರೀಮು ಹಚ್ಚಿ ಪೇರಿಸುವ ಕೇಕು. ಸಾಮಾನ್ಯವಾಗಿ ಎಲ್ಲರೂ ಎಂಟೋ ಹತ್ತೋ ಹಾಳೆ ಹಾಕುತ್ತಾರೆ. ಹನ್ನೆರಡು ಹಾಕಿದವಳನ್ನು ಬೀದಿಯೆಲ್ಲ ಹೊಗಳುತ್ತದೆ. ಇಪ್ಪತ್ತೊಂದು ಹಾಳೆಯ ಕೇಕನ್ನು ನಾನು ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ. ಬೆಣ್ಣೆಗೆ ಆಗ ಉದ್ದದ ಸಾಲು, ತಲೆಗಿಷ್ಟು ಅಂತ ಕೊಡುತ್ತಿದ್ದರು. ಅವಳ ಪಾಲಿನದ್ದಕ್ಕೆ ಅವಳು ನಿಂತಳು, ನನ್ನ ಪಾಲಿನದ್ದಕ್ಕೆ ನಾನು ನಿಂತೆ. ತಿನ್ನುವವನು ಗ್ಲೇಬ್, ಕಾಲು ಊದಿದ್ದು ನನ್ನದು.

ಶನಿವಾರ, ಅಂದರೆ ಸರಿಯಾಗಿ ಹುಟ್ಟುಹಬ್ಬದ ದಿನ, ಬೆಳಿಗ್ಗೆಯೇ ಶುರು ಮಾಡಿದಳು. ತಣ್ಣಗಿನ ಬೆಣ್ಣೆಯನ್ನು ಮೈದಾದ ಮೇಲಿಟ್ಟು ಎರಡು ಚಾಕುವಿನಿಂದ ಕೊಚ್ಚಿದಳು. ಕೈ ತಾಗಿದರೆ ಬೆಣ್ಣೆ ಕರಗಿ ಹಿಟ್ಟು ಜಿಗುಟಾಗುತ್ತದೆ ಅಂತ. ಮೊಟ್ಟೆ, ಹಿಮ ಹಾಕಿದ ನೀರು, ಒಂದು ಚಮಚ ವಿನೆಗರ್. ಕಲಸಿ, ಉಂಡೆ ಕಟ್ಟಿ, ಬಾಲ್ಕನಿಯಲ್ಲಿ ಬಟ್ಟೆ ಮುಚ್ಚಿ ಇಟ್ಟಳು. ಮಾರ್ಚ್ ತಿಂಗಳು, ಹೊರಗೆ ಹಿಮ ಇನ್ನೂ ಕರಗಿರಲಿಲ್ಲ. ಮನೆಯೊಳಗಿನ ಫ್ರಿಜ್ಜಿಗಿಂತ ಬಾಲ್ಕನಿಯೇ ವಾಸಿ.

ಆಮೇಲೆ ಲಟ್ಟಿಸುವ ಕೆಲಸ. ಉಂಡೆಯನ್ನು ಲಟ್ಟಿಸುತ್ತ ಲಟ್ಟಿಸುತ್ತ, ಕೆಳಗೆ ಹಾಸಿದ ಬಟ್ಟೆಯ ಹೂವು ಕಾಣುವಷ್ಟು ತೆಳ್ಳಗೆ ಮಾಡಬೇಕು. ಪಾತ್ರೆಯ ಮುಚ್ಚಳ ಇಟ್ಟು ಸುತ್ತ ಕೊಯ್ದು, ಮುಳ್ಳುಚಮಚದಿಂದ ಚುಚ್ಚಿ ಓವನ್ನಿಗೆ ಹಾಕಬೇಕು. ಅವಳ ಓವನ್ ಹಿಂದುಗಡೆ ಸುಡುತ್ತಿತ್ತು, ಮುಂದುಗಡೆ ಹಸಿ ಬಿಡುತ್ತಿತ್ತು. ಅರ್ಧದಲ್ಲಿ ತಟ್ಟೆ ತಿರುಗಿಸದಿದ್ದರೆ ಹಾಳೆ ಕೆಟ್ಟ ಹಾಗೆಯೇ. ಒಂದು ಹಾಳೆ ಬೇಯುವಾಗ ಇನ್ನೊಂದನ್ನು ಲಟ್ಟಿಸುತ್ತಿದ್ದಳು. ಕೊಯ್ದ ಅಂಚುಗಳೂ ಬೇಯಬೇಕು. ಅದನ್ನು ಪುಡಿ ಮಾಡಿ ಮೇಲೆ ಉದುರಿಸುವುದು. ಪುಡಿ ಮಾಡುವ ಕೆಲಸ ನನ್ನದು. ಪುಡಿಯಾದದ್ದಕ್ಕಿಂತ ನನ್ನ ಹೊಟ್ಟೆಗೆ ಹೋದದ್ದೇ ಹೆಚ್ಚು ಅಂತ ಅವಳು ಬೈದಳು. ಸುಳ್ಳಲ್ಲ.

ಅವಳ ಕಿವಿ ಮಾತ್ರ ಹಜಾರದ ಕಡೆಗೇ ಇತ್ತು.

"ನೀನೇ ಮಾಡೇ ಫೋನು," ಅಂದೆ.

"ನಾನು ಮಾಡಿದ್ರೆ ಶುಭಾಶಯ ಹೇಳಿದ ಹಾಗಾಗುತ್ತೆ. ಬೇಡ. ಅವನೇ ಮಾಡ್ತಾನೆ. ಈವತ್ತು ಅವನಿಗೂ ಒಂಥರಾ ಬಿಕೋ ಅನ್ನಿಸ್ತಿರುತ್ತೆ. ಹುಟ್ಟಿದ ದಿನ ಮನೇಲಿ ಯಾರೂ ಇಲ್ಲ ಅಂದ್ರೆ."

ಹದಿನಾಲ್ಕನೆಯದೋ ಹದಿನೈದನೆಯದೋ ಹಾಳೆ ಓವನ್ನಿನಿಂದ ತೆಗೆಯುವಾಗ ಮುರಿಯಿತು. ಅವಳು ಕೂತುಬಿಟ್ಟಳು. ಬೆನ್ನು ಹಿಡಿದಿತ್ತು, ಮುಂಗೈಯಲ್ಲಿ ತಟ್ಟೆ ತಾಗಿ ಸುಟ್ಟ ಕೆಂಪು ಗೆರೆ. ಕಿಟಕಿಯಾಚೆ ಎದುರು ಕಟ್ಟಡದಲ್ಲಿ ದೀಪ ಹತ್ತುತ್ತಿದ್ದವು. ಯಾರದೋ ಮನೆಯಲ್ಲಿ ಅಕಾರ್ಡಿಯನ್ ಬಾರಿಸುತ್ತಿದ್ದರು. ಶನಿವಾರದ ಸಂಜೆ ಎಲ್ಲರಿಗೂ ಎಲ್ಲಿಯೋ ಹೋಗುವುದಿರುತ್ತದೆ, ಯಾರಾದರೂ ಬರುವುದಿರುತ್ತದೆ. ನಾವಿಬ್ಬರು ಮುದುಕಿಯರು ಮೈದಾ ಮೆತ್ತಿಕೊಂಡು ಕೂತಿದ್ದೆವು. ಫೋನು ಬರಲಿಲ್ಲ. ನನಗೆ ಆ ಹೊತ್ತಿನಲ್ಲಿ ಅವಳ ಮೇಲೆ ಕನಿಕರ ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಅವಳಿಗಾದರೂ ಕೇಕು ಒಯ್ಯಲು ಒಂದು ಮನೆ ಇತ್ತು.

"ಏಳೇ, ಇಪ್ಪತ್ತು ಸಾಕು," ಅಂದೆ.

"ಸಮಸಂಖ್ಯೆ," ಅಂದು ಎದ್ದಳು. ಮುರಿದ ಹಾಳೆಯನ್ನು ಪುಡಿಗೆ ಹಾಕಿ ಬೇರೆ ಲಟ್ಟಿಸಿದಳು.

ಹಾಲು, ಸಕ್ಕರೆ, ಮೊಟ್ಟೆ ಸೇರಿಸಿ ಗಟ್ಟಿಯಾಗಿ ಕಾಯಿಸಿದ ಕ್ರೀಮಿಗೆ ಬೆಣ್ಣೆ ಹಾಕಿ ಬಡಿದದ್ದಾಯಿತು. ಹಾಳೆ, ಕ್ರೀಮು, ಹಾಳೆ, ಕ್ರೀಮು. ಕೊನೆಗೆ ಹಲಗೆ ಇಟ್ಟು ಮೇಲೆ ಇಸ್ತ್ರಿಪೆಟ್ಟಿಗೆ ಹೇರಿದಳು, ಹಾಳೆಗಳು ಕ್ರೀಮು ಕುಡಿದು ಮೆತ್ತಗಾಗಲಿ ಅಂತ. ಹಾಳೆಗಳು ಕೆಳಗಿಳಿಯುತ್ತ ಕರಕರ ಅಂದವು. ರೂಫಾ ಅದನ್ನು ಕಿವಿಗೊಟ್ಟು ಕೇಳಿ ಸಮಾಧಾನದಿಂದ ನಕ್ಕಳು. ಗೇಣುದ್ದ ಎತ್ತರದ ಕೇಕು, ಒಬ್ಬರಿಂದ ಎತ್ತಲಾಗುತ್ತಿರಲಿಲ್ಲ. ಹಾಗಾಗಿ ಭಾನುವಾರ ನಾನೂ ಹೊರಡಬೇಕಾಯಿತು.

"ಬರ್ತೀವಿ ಅಂತ ಒಂದು ಫೋನಾದ್ರೂ ಮಾಡು," ಅಂದೆ.

"ನನ್ನ ತಮ್ಮನ ಮನೆಗೆ ನಾನು ಕೇಳಿ ಹೋಗ್ಬೇಕೇನೇ?"

ಒಂದು ಹಳೆಯ ಟೋಪಿ ಡಬ್ಬಿಯಲ್ಲಿ ಕೇಕು ಇಟ್ಟು, ಹಗ್ಗ ಕಟ್ಟಿ, ಎರಡು ಕಡೆಯಿಂದ ಹಿಡಿದು ಟ್ರಾಮ್ ಹತ್ತಿದೆವು. ಹುಡುಗನೊಬ್ಬ ಎದ್ದು ಸೀಟು ಕೊಟ್ಟ. ಅವಳು ಕೂರಲಿಲ್ಲ, ಕೇಕನ್ನು ಕೂರಿಸಿದಳು. ತಿರುವು ಬಂದಾಗಲೆಲ್ಲ ಡಬ್ಬಿಯನ್ನು ತಬ್ಬಿಕೊಳ್ಳುತ್ತಿದ್ದಳು. ದಾರಿಯುದ್ದಕ್ಕೂ ನನಗೆ ಪಾಠ. "ನೀನು ಬಾಯಿ ತಪ್ಪಿ ಶುಭಾಶಯ ಅಂದ್ರೆ ನೋಡು. ನಾನೂ ಈವತ್ತು ಹಳೇ ಕತೆ ಏನೂ ತೆಗಿಯಲ್ಲ. ಸುಮ್ನೆ ಕೂತಿರ್ತೀನಿ. ಅವನೇ ಮಾತಾಡ್ಲಿ."

ಬಾಗಿಲು ತೆಗೆದದ್ದು ಗ್ಲೇಬ್. ಮನೆಚಪ್ಪಲಿ, ಕೆದರಿದ ಕೂದಲು. ನಮ್ಮನ್ನು ನೋಡಿ ಅವನ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದೆ. ಅವಳು ನೋಡಲಿಲ್ಲ, ಅವಳ ಕಣ್ಣು ಹೊಸ್ತಿಲಿನ ಮೇಲಿತ್ತು.

"ಅಕ್ಕಾ? ಫೋನೇ ಮಾಡ್ಲಿಲ್ಲ..."

"ಹಿಂದೆ ಸರಿ ಮೊದ್ಲು, ಹೊಸ್ತಿಲ ಮೇಲೆ ಮಾತು ಬೇಡ. ಹಿಡಿ ಇದನ್ನ, ಹುಷಾರು. ಏನೂ ಇಲ್ಲಪ್ಪ, ಸುಮ್ನೆ ಚಹಾಕ್ಕೆ ಬಂದ್ವಿ."

ಒಳಗೆ ಹಜಾರದಲ್ಲಿ ಒಂದರ ಮೇಲೊಂದು ಕುರ್ಚಿಗಳು. ಒಂದೊಂದು ಒಂದೊಂದು ಜಾತಿಯವು, ಪಕ್ಕದ ಮನೆಗಳಿಂದ ತಂದವು. ನನಗೆ ಅಲ್ಲಿಯೇ ಅನುಮಾನ ಬಂತು. ಗ್ಲೇಬನ ಹೆಂಡತಿ ಅಲ್ಬಿನಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ಗಂಡನ ಅಕ್ಕನನ್ನು ಅಪ್ಪನ ಹೆಸರು ಸೇರಿಸಿ ಮರ್ಯಾದೆಯಿಂದಲೇ ಕರೆಯುವವಳು.

"ಬನ್ನಿ ರೂಫಿನಾ ಅರ್ಕಾದ್ಯೆವ್ನಾ. ಕೂತ್ಕೊಳ್ಳಿ, ನಾನು ಇಡ್ತೀನಿ ಅದನ್ನ."

"ನೀನು ಚಹಾ ಇಡಮ್ಮ. ಇದನ್ನ ಫ್ರಿಜ್ಜಲ್ಲಿ ಸ್ವಲ್ಪ ಹೊತ್ತು ಇಡ್ಬೇಕು. ಟ್ರಾಮಲ್ಲಿ ಬಿಸಿ ತಾಗಿದೆ, ಕ್ರೀಮು ಜಾರುತ್ತೆ."

ಅಲ್ಬಿನಾ ಕೈ ಚಾಚುವಷ್ಟರಲ್ಲಿ ರೂಫಾ ಫ್ರಿಜ್ಜು ತೆಗೆದಿದ್ದಳು.

ಒಳಗೆ ಒಂದು ಸೂಜಿ ಇಡುವಷ್ಟೂ ಜಾಗ ಇರಲಿಲ್ಲ. ಎನಾಮಲ್ ಬೋಗುಣಿಯಲ್ಲಿ ಅರ್ಧ ಉಳಿದ ಒಲಿವ್ಯೇ ಸಲಾಡು, ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಮಾಂಸದ ಸಾರು, ಬೀಟ್‌ರೂಟ್ ಮೆತ್ತಿದ ಹೆರಿಂಗ್ ಮೀನು, ಹುರಿದ ಬಾತುಕೋಳಿಯ ಒಂದು ಕಾಲು. ಬಾಗಿಲಲ್ಲಿ ತೆರೆದ ಬಾಟಲಿಗಳು. ಕೆಳಗಿನ ಹಲಗೆಯಲ್ಲಿ ಅಂಗಡಿಯ ಕೇಕು, ಗುಲಾಬಿ ಹೂವು ಒಂದು ಮಾತ್ರ ಉಳಿದಿತ್ತು. ನಮ್ಮ ದೇಶದಲ್ಲಿ ಯಾವ ಹೆಂಗಸೂ ಸುಮ್ಮಸುಮ್ಮನೆ ಒಂದು ಬೋಗುಣಿ ಒಲಿವ್ಯೇ ಮಾಡುವುದಿಲ್ಲ, ಅದು ಹಬ್ಬದೂಟದ ಸಲಾಡು. ಅದರಲ್ಲಿ ಉಳಿದದ್ದನ್ನು ನೋಡಿದರೆ ಎಷ್ಟು ಜನ ಬಂದಿದ್ದರು ಅಂತ ಯಾವ ಅಡುಗೆಯವಳಾದರೂ ಹೇಳುತ್ತಾಳೆ. ರೂಫಾ ಅಡುಗೆಯವಳು.

ಅವಳು ಮಾಂಸದ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದಳು. ಬೋಗುಣಿಯನ್ನು ಈಚೆ ಸರಿಸಿದಳು. ನಿಜವಾಗಿಯೂ ಜಾಗ ಹುಡುಕುತ್ತಿರುವವಳ ಹಾಗೆ. ಆಮೇಲೆ ಬಾಗಿಲು ಮುಚ್ಚಿದಳು.

"ಜಾಗ ಇಲ್ಲ," ಅಂದಳು.

ಒಲೆಯ ಮೇಲೆ ಕೆಟಲ್ಲು ಸದ್ದು ಮಾಡತೊಡಗಿತು. ನನಗೆ ತಡೆಯಲಾಗಲಿಲ್ಲ.

"ನಲವತ್ತು ಮಾಡಬಾರದು ಅಂದ್ಯಂತಲ್ಲೋ ಗ್ಲೇಬ್? ಶಾಸ್ತ್ರಕ್ಕೆ ಅಂತ ಇಡೀ ಬಾತುಕೋಳಿ ಹುರಿದ್ರಾ?"

"ಸುಮ್ನಿರೇ ನೊನ್ನಾ," ಅಂದಳು ರೂಫಾ.

ಅಲ್ಬಿನಾ ಮೇಜಿನ ಬದಿಗೆ ನಿಂತು, ತಲೆ ಎತ್ತದೆ ಹೇಳಿದಳು. "ನಾನು ಕರೀರಿ ಅಂದೆ ರೂಫಿನಾ ಅರ್ಕಾದ್ಯೆವ್ನಾ. ಎರಡು ಸಲ ಅಂದೆ. ನೀವು ನನ್ನನ್ನ ತಪ್ಪು ತಿಳ್ಕೊಳ್ಬಾರದು ಅಂತ ಹೇಳ್ತಿದೀನಿ."

ಇಷ್ಟು ವರ್ಷ ನಾವಿಬ್ಬರೂ ಚಹಾ ಕುಡಿಯುತ್ತ ಬೈದದ್ದು ಇವಳನ್ನೇ. ಅಕ್ಕತಮ್ಮನ ನಡುವೆ ಬಂದವಳು ಅಂತ. ಅದೂ ಸುಳ್ಳಾಯಿತು. ಬೈಯುವುದಕ್ಕೆ ಒಬ್ಬ ಸೊಸೆಯಂಥವಳು ಇದ್ದರೆ ಎಷ್ಟೋ ನೆಮ್ಮದಿ. ಆ ನೆಮ್ಮದಿ ಹೋದಾಗ ರೂಫಾ ಕುರ್ಚಿ ಎಳೆದುಕೊಂಡು ಕೂತಳು.

"ನಾನೇ ಬೇಡ ಅಂದೆ ಅಕ್ಕ," ಅಂದ ಗ್ಲೇಬ್. ಅವನ ಕಿವಿ ಕೆಂಪಾಗಿತ್ತು. "ಹೋದ ವರ್ಷ ನೀನು ಗೋಂದಿನ ಕತೆ ಹೇಳಿದೆಯಲ್ಲ. ಕಾರ್ಖಾನೆಯವರು ಎಲ್ಲ ಇದ್ರು. ಮಾರನೇ ದಿನ ಹೋದ್ರೆ ನನ್ನ ಮೇಜಿನ ಮೇಲೆ ಗೋಂದಿನ ಡಬ್ಬಿ, ಅದರೊಳಗೆ ಚಮಚ. ಈಗ ಇಡೀ ವಿಭಾಗಕ್ಕೆ ನಾನು ಮುಖ್ಯಸ್ಥ ಅಕ್ಕ. ಒಂದು ವರ್ಷದಿಂದ ನನ್ನ ಹಿಂದೆ ತುಟಿ ಚಪ್ಪರಿಸ್ತಾರೆ."

"ನೀನು ಹಸಿದಿದ್ದೆ," ಅಂದಳು ರೂಫಾ. "ನನ್ನ ಹತ್ರ ಏನೂ ಇರ್ಲಿಲ್ಲ. ಅದನ್ನೇ ಹೇಳಿದ್ದು."

"ನನಗೆ ಗೊತ್ತಕ್ಕ. ಅವರಿಗೆ ಗೊತ್ತಿಲ್ಲ."

ಅವಳು ಎದ್ದು ಹೊರಡುತ್ತಾಳೆ ಅಂದುಕೊಂಡೆ. ನಾನಾಗಿದ್ದರೆ ಆ ಕೇಕನ್ನು ಅವನ ತಲೆಯ ಮೇಲೆ ಕವುಚಿ ಹೊರಟುಬಿಡುತ್ತಿದ್ದೆ. ಅವಳು ಡಬ್ಬಿಯ ಹಗ್ಗ ಬಿಚ್ಚಿದಳು, ಉದ್ದನೆಯ ಚಾಕು ಕೇಳಿದಳು. ಕೇಕು ಕೊಯ್ದಾಗ ಹಾಳೆಗಳು ಒಂದೊಂದೂ ಎಣಿಸಿಕೊಳ್ಳುವಷ್ಟು ಚೆನ್ನಾಗಿ ಕಂಡವು. ಅಲ್ಬಿನಾ "ಅಬ್ಬ" ಅಂದಳು, ಮನಸಾರೆ ಅಂದಳು.

"ತಿನ್ನಪ್ಪ," ಅಂದಳು ರೂಫಾ. "ತಿನ್ನುತ್ತ ಹೇಳು. ಹೇಗಾಯ್ತು ನಿನ್ನೆ? ಯಾರ್‍ಯಾರು ಬಂದಿದ್ರು?"

ಅವನು ಮೊದಮೊದಲು ತಪ್ಪು ಮಾಡಿದ ಹುಡುಗನ ಹಾಗೆ ಒಂದೊಂದೇ ಹೆಸರು ಹೇಳಿದ. ಅವಳು ಬಿಡಲಿಲ್ಲ. ಯಾರು ಎಲ್ಲಿ ಕೂತರು, ಬಾತುಕೋಳಿ ಬೆಂದಿತ್ತೋ ಇಲ್ಲವೋ, ಹಾಡಿದ್ದು ಯಾರು. ಹೇಳುತ್ತ ಹೇಳುತ್ತ ಅವನಿಗೆ ಮೈಚಳಿ ಬಿಟ್ಟಿತು. ಕಾರ್ಖಾನೆಯ ಲೆಕ್ಕದವನು ಕುಡಿದು ಕೋಟು ಹುಡುಕಲು ಹೋಗಿ ಕಪಾಟಿನೊಳಗೇ ನಿದ್ದೆ ಹೋದದ್ದನ್ನು ಹೇಳುವಾಗ ಜೋರಾಗಿ ನಕ್ಕ, ಅಲ್ಬಿನಾಳೂ ನಕ್ಕಳು. ರೂಫಾಳೂ ನಕ್ಕಳು. ಅವನು ನಿನ್ನೆ ಸುಖವಾಗಿದ್ದ ಅನ್ನುವುದು ಅವನ ಮುಖದಲ್ಲಿ ಬರೆದಿಟ್ಟ ಹಾಗಿತ್ತು. ಅವಳು ಎದುರಿಗಿದ್ದ ಯಾವ ಹುಟ್ಟುಹಬ್ಬದಲ್ಲೂ ನಾನು ಅವನನ್ನು ಹಾಗೆ ನೋಡಿರಲಿಲ್ಲ. ಅವಳಿಗೂ ಅದು ಕಂಡಿತು.

"ಒಳ್ಳೇದಾಯ್ತು," ಅಂದಳು. ಆಮೇಲೆ ಚಹಾದ ಲೋಟದೊಳಗೆ ನೋಡುತ್ತ ಕೇಳಿದಳು. "ಎರಡನೇ ಲೋಟ ಯಾರ ಹೆಸರಿಗೆ ಎತ್ತಿದ್ರಿ?"

ಗ್ಲೇಬ್ ಬಾಯಲ್ಲಿದ್ದ ತುತ್ತು ನುಂಗಿದ.

"ನಿನ್ನ ಹೆಸರಿಗೇ ಅಕ್ಕ. ಮತ್ಯಾರ ಹೆಸರಿಗೆ?"

"ಎಷ್ಟು ಚೆನ್ನಾಗಿ ಮಾತಾಡಿದ್ರು ಗೊತ್ತಾ," ಅಂದಳು ಅಲ್ಬಿನಾ. ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು, ಕೊನೆಗೂ ಒಳ್ಳೆಯ ಮಾತೊಂದು ಸಿಕ್ಕಿತಲ್ಲ ಅಂತ. "ಇವರು ಅಷ್ಟು ಹೊತ್ತು ಮಾತಾಡಿದ್ದು ನಾನು ಕೇಳೇ ಇರ್ಲಿಲ್ಲ. ಎಲ್ಲರ ಕಣ್ಣಲ್ಲೂ ನೀರು. ಆ ಗೋಂದಿನ ಡಬ್ಬಿ ಇಟ್ಟಿದ್ನಲ್ಲ, ಅವನೂ ಅತ್ತ. ಎಲ್ಲರೂ ಎದ್ದು ನಿಂತು ಕುಡಿದ್ರು."

ರೂಫಾಳ ಕೈ ಮೇಜಿನ ಮೇಲೆ ಹಾಗೆಯೇ ನಿಂತಿತು.

"ಏನು ಹೇಳ್ದೆ?"

"ಏನೋ... ಬಂದದ್ದು ಹೇಳ್ದೆ."

"ನನಗೂ ಹೇಳು."

ಅವನು ಪ್ರಯತ್ನ ಮಾಡಿದ, ಅದನ್ನು ನಾನು ಒಪ್ಪುತ್ತೇನೆ. ಚಮಚ ಕೆಳಗಿಟ್ಟ, ಎದ್ದು ನಿಂತ, ಗಂಟಲು ಸರಿಮಾಡಿಕೊಂಡ. ಅವಳು ತುಟಿ ಬಿಗಿ ಹಿಡಿದು ಕಾದಳು. ಅವನು ಅವಳ ಮುಖ ನೋಡಿದ, ಸುಟ್ಟ ಮುಂಗೈ ನೋಡಿದ, ಮತ್ತೆ ಕೂತುಬಿಟ್ಟ.

"ನೀನು ಎದುರಿಗಿದ್ರೆ ಬರಲ್ಲ ಅಕ್ಕ," ಅಂದ. "ನಿನ್ನೆ ಬಂತು. ಈಗ ಬರಲ್ಲ."

"ಆಯ್ತು ಬಿಡು," ಅಂದಳು. "ಇನ್ನೊಂದು ತುಂಡು ಹಾಕ್ತೀನಿ."

ಅವನು ಇನ್ನೊಂದು ತುಂಡು ತಿಂದ. ಉಳಿದದ್ದನ್ನು ಅಲ್ಬಿನಾ ಬಾಲ್ಕನಿಯಲ್ಲಿಟ್ಟಳು. ಹೊರಡುವಾಗ ಗ್ಲೇಬ್ ಅಕ್ಕನನ್ನು ತಬ್ಬಿಕೊಂಡ, ಟ್ರಾಮಿನವರೆಗೂ ಬರುತ್ತೇನೆ ಅಂದ. ಇವಳು ಬೇಡ ಅಂದಳು, ಚಪ್ಪಲಿಯಲ್ಲಿದ್ದೀಯ, ಕಾಲಿಗೆ ಥಂಡಿಯಾಗುತ್ತೆ ಅಂದಳು.

ಟ್ರಾಮಿನಲ್ಲಿ ಜನ ಇರಲಿಲ್ಲ. ಇಬ್ಬರಿಗೂ ಸೀಟು ಸಿಕ್ಕಿತು. ಅವಳು ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾನು ಅವನಿಗೆ ಬೈಯಲು ಮಾತು ಜೋಡಿಸುತ್ತಿದ್ದೆ. ಒಳ್ಳೊಳ್ಳೆಯ ಮಾತುಗಳೇ ಸಿಕ್ಕಿದ್ದವು.

"ಏನು ಹೇಳಿರ್ತಾನೆ ನೊನ್ನಾ?" ಅಂದಳು.

"ನನಗೇನು ಗೊತ್ತೇ."

"ಅಷ್ಟು ಜನ ಕೇಳಿದಾರೆ. ಆ ಗೋಂದಿನವನೂ ಕೇಳಿದಾನೆ."

ಅವಳ ದನಿ ಕೇಳಿ ನನ್ನ ಬೈಗುಳವೆಲ್ಲ ಮರೆತುಹೋಯಿತು. ನನಗೆ ಸಮಾಧಾನ ಮಾಡಲು ಬರುವುದಿಲ್ಲ, ಜನ್ಮದಲ್ಲಿ ಕಲಿಯಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

"ಹೇಳಿರ್ತಾನೆ, 'ಸ್ನೇಹಿತರೇ, ಎಲ್ಲರಿಗೂ ಒಬ್ಬಳು ತಾಯಿ ಇರ್ತಾಳೆ. ನನಗೆ ಸಿಕ್ಕಿದ್ದು ಹತ್ತೊಂಬತ್ತು ವರ್ಷದ ಹುಡುಗಿ. ಅವಳು ತನ್ನ ಬದುಕನ್ನೇ ಧಾರೆ ಎರೆದು...'"

"ಥೂ, ಇಲ್ಲ," ಅಂದಳು. "ಧಾರೆ ಗೀರೆ ಅನ್ನೋನಲ್ಲ ಅವನು. ಅವನು ಹಾಗೆ ಮಾತಾಡೋನೇ ಅಲ್ಲ."

"ಸರಿ ಹಾಗಾದ್ರೆ. 'ನಮ್ಮಕ್ಕನಿಗೆ ಬಾಯಿ ಜಾಸ್ತಿ, ನಿಮಗೆಲ್ಲ ಗೊತ್ತು' ಅಂದಿರ್ತಾನೆ."

ಅವಳು ಡಬ್ಬಿಯ ಮೇಲೆ ಕೈ ಮಡಿಸಿ ಕಣ್ಣು ಮುಚ್ಚಿದಳು.

"ಹೂಂ," ಅಂದಳು. "ಹಾಗಂದಿರ್ತಾನೆ. ಆಮೇಲೆ?"